ಅಪ್ಪನ ಕರಡಿಗೆ ಮತ್ತು ಇಪೋದ ರೈಲು

2025 ಮಾರ್ಚ್ 9, ಭಾನುವಾರ, ಬೆಳಿಗ್ಗೆ 6.40.

ಅಜ್ಜಿ ಲಿಂಗಪೂಜೆ ಮುಗಿಸಿ ತನ್ನ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡಳು. ದೇವರ ಗೂಡಿನಲ್ಲಿದ್ದ ಇನ್ನೊಂದು ಕರಡಿಗೆಯನ್ನು, ಅಂದರೆ ಅಪ್ಪನ ಲಿಂಗವಿರುವ ಪುಟ್ಟ ಬೆಳ್ಳಿ ಡಬ್ಬಿಯನ್ನು, ತೆಗೆದು ಸೆರಗಿನಲ್ಲಿ ಒರೆಸಿದಳು. ಕಾಫಿ ಲೋಟ ಮುಟ್ಟುವ ಮೊದಲು ನನ್ನ ಕಡೆ ತಿರುಗಿ ಹೇಳಿದಳು:

"ಮಗಾ, ಇದ ಅವನ ಕೈಗೆ ಸೇರಿಸ್ಬೇಕು ಕಣ. ನನ್ನ ಅಲ್ಲಿಗೆ ಕರ್ಕಂಡೋಗು."

ಅಲ್ಲಿಗೆ ಅಂದರೆ ಮಲೇಶಿಯಾದ ಇಪೋ ಎಂಬ ಊರಿಗೆ. ನಾನು ಡೈರಿ ತೆಗೆದು ತಾರೀಖು, ಗಂಟೆ ಬರೆದುಕೊಂಡೆ. ಹೈಸ್ಕೂಲಿನಿಂದ ನನಗೆ ಈ ಚಾಳಿ. ಯಾವ ಕೆಲಸ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಸಲ ಮಾಡಿದೆ, ಎಷ್ಟು ಸಲ ತಪ್ಪಿತು, ಎಲ್ಲ ಬರೆಯುತ್ತೇನೆ. ಈ ಚಾಳಿಯಿಂದಲೇ ಈಗ ನನಗೆ ಕೆಲವು ವಿಷಯ ಮರೆಯಲು ಆಗುತ್ತಿಲ್ಲ.

ಅಪ್ಪ ಜೆಸಿಬಿ ಓಡಿಸುತ್ತಿದ್ದ. ಹೆಗ್ಗಡದೇವನಕೋಟೆ ಕಡೆ ಕಾಲುವೆ ಕೆಲಸ ಮುಗಿದ ಮೇಲೆ, ಅಲ್ಲಿ ಜೊತೆಗಿದ್ದ ಒಬ್ಬರ ಮಾತಿನ ಮೇಲೆ 2023ರ ಜೂನ್ 2ರಂದು ಮಲೇಶಿಯಾಕ್ಕೆ ರಸ್ತೆ ಕೆಲಸಕ್ಕೆ ಹೋದ. ಎರಡು ವರ್ಷಕ್ಕೆಂದು ಮಾತಾಗಿತ್ತು. ಹೊರಡುವ ದಿನ ಬೆಳಿಗ್ಗೆ ಅಜ್ಜಿಯೇ ಅಪ್ಪನ ಕೊರಳಿನ ಕರಡಿಗೆ ಬಿಚ್ಚಿಸಿದಳು. ಏರೋಪ್ಲೇನು ಹತ್ತುವ ಜಾಗದಲ್ಲಿ ಮೈಮೇಲಿನ ಬೆಳ್ಳಿ ಬಂಗಾರವನ್ನೆಲ್ಲ ಬಿಚ್ಚಿಸಿ ತಟ್ಟೆಗೆ ಹಾಕಿಸುತ್ತಾರೆ, ಯಾರ್‍ಯಾರೋ ಮುಟ್ಟುತ್ತಾರೆ ಎಂದು ಯಾರೋ ಅವಳಿಗೆ ಹೇಳಿದ್ದರು. "ಕಂಡೋರ ಕೈಗೆ ಲಿಂಗ ಕೊಡೋದಾ? ನನ್ನ ತಾವ ಇರ್ಲಿ ಬುಡು. ನಿಂದೂ ನಾನೇ ಪೂಜೆ ಮಾಡ್ತೀನಿ, ಬಂದು ಹಾಕ್ಕೋ" ಅಂದಳು. ಅಪ್ಪ ತಲೆ ಬಗ್ಗಿಸಿದ. ಆ ದಿನ ನಾನು ಅಲ್ಲೇ ನಿಂತಿದ್ದೆ.

ಕಳೆದ ವರ್ಷ ಆಗಸ್ಟ್ 14, ಬುಧವಾರ, ಇಪೋದಲ್ಲಿ ಅಪ್ಪ ಯಂತ್ರದಲ್ಲಿ ಕೂತ ಹಾಗೇ ಎದೆ ನೋವಿನಿಂದ ತೀರಿಕೊಂಡ. ದೇಹ ಊರಿಗೆ ತರಿಸಲು ಮೂರು ವಾರವಾದರೂ ಬೇಕು ಎಂದು ಕಂಪನಿಯವರು ಫೋನಿನಲ್ಲಿ ಹೇಳಿದರು. ಅವ್ವ ಫೋನನ್ನು ನನ್ನ ಕೈಗೆ ಕೊಟ್ಟು, "ಮೂರು ವಾರ ಐಸಿನಾಗೆ ಇಡ್ತಾರಂತಾ? ಬ್ಯಾಡ. ಅಲ್ಲೇ ಮಣ್ಣು ಮಾಡ್ಲಿ" ಅಂದಳು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಎಡಗೈಯಲ್ಲಿ ಅವರ ಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮಾಡುತ್ತೇವೆ. ಹುಟ್ಟಿದಾಗ ಕಟ್ಟಿದ ಲಿಂಗ ಮಣ್ಣಿನೊಳಗೂ ಜೊತೆಗಿರಬೇಕು. ತಾತನ ಗದ್ದುಗೆ ನಮ್ಮ ಹೊಲದ ಮೂಲೆಯಲ್ಲೇ ಇದೆ. ಅಜ್ಜಿಯ ಲೆಕ್ಕದಲ್ಲಿ ಅಪ್ಪ ಏಳು ತಿಂಗಳಿಂದ ಬರಿಗೈಲಿ ಕೂತಿದ್ದ. ಅವನ ಗುಂಡಿಯ ಮೇಲೆ ಒಂದು ಗೇಣು ಬಗೆದು ಲಿಂಗವಿಟ್ಟು ಮುಚ್ಚಿ ಬಂದರೆ ಸಾಕು ಎಂಬುದು ಅವಳ ಆಸೆ. ನಾನು ಒಪ್ಪಿದೆ.

ನಾನು ಪಿರಿಯಾಪಟ್ಟಣದಲ್ಲಿ ಒಂದು ಆನ್‌ಲೈನ್ ಸೇವಾ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಪಹಣಿ, ಆದಾಯ ಪ್ರಮಾಣಪತ್ರ, ಪರೀಕ್ಷೆ ಅರ್ಜಿ. ದಿನಕ್ಕೆ ಮೂವತ್ತು ಅರ್ಜಿ ತುಂಬುವ ಕೈ. ಎರಡು ಪಾಸ್‌ಪೋರ್ಟ್ ಅರ್ಜಿ ನನಗೆ ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಅಜ್ಜಿಯ ಬೆರಳು. ಮಾರ್ಚ್ 27ರಂದು ಮೈಸೂರಿನ ಕಚೇರಿಯಲ್ಲಿ ಯಂತ್ರ ಅವಳ ಬೆರಳಚ್ಚು ಹಿಡಿಯಲೇ ಇಲ್ಲ. ನಲವತ್ತು ವರ್ಷ ಹೊಗೆಸೊಪ್ಪು ಪೋಣಿಸಿ ಕಡ್ಡಿಗೆ ಕಟ್ಟಿದ ಬೆರಳು ಅವು, ಗೆರೆಗಳೆಲ್ಲ ಸವೆದುಹೋಗಿವೆ. ಹನ್ನೊಂದು ಸಲ ಒತ್ತಿಸಿದರು. "ಒತ್ತಜ್ಜಿ, ಗಟ್ಟಿಯಾಗಿ ಒತ್ತು" ಅಂತ ಅಲ್ಲಿದ್ದ ಹುಡುಗಿ ಅಂದರೆ, "ಒತ್ತುತಾ ಇವ್ನಿ ಕಣವ್ವ, ನಿನ್ನ ಮಿಷನ್ನಿಗೆ ಕಣ್ಣಿಲ್ವೇನೋ ನೋಡು" ಅಂದಳು ಅಜ್ಜಿ. ಹನ್ನೆರಡನೇ ಸಲ ಎಡಗೈಯ ಉಂಗುರ ಬೆರಳು ಹಿಡಿಯಿತು.

ಆಮೇಲೆ ಪೊಲೀಸರೊಬ್ಬರು ವಿಚಾರಣೆಗೆ ಮನೆಗೆ ಬಂದರು. ಜಗಲಿಯ ಮೇಲೆ ಕೂತು ಕಾಗದ ನೋಡುತ್ತಾ, "ಯಾಕಜ್ಜಿ, ಈ ವಯಸ್ಸಲ್ಲಿ ಫಾರಿನ್ನು?" ಅಂತ ಕೇಳಿದರು.

"ಮಗನ ತಾವ್ಕೆ."

"ಪುಣ್ಯವಂತೆ ಕಣಜ್ಜಿ ನೀನು. ನಮ್ಮ ಮಕ್ಕಳು ಮೈಸೂರು ಜೂಗೂ ಕರ್ಕಂಡೋಗಲ್ಲ."

ಅವ್ವ ಒಳಗೆ ಹೋದಳು. ನಾನು ಸಹಿ ಹಾಕುವ ಜಾಗ ತೋರಿಸಿದೆ.

ಇನ್ನು ದಾರಿ. ನಮ್ಮ ಪಿರಿಯಾಪಟ್ಟಣಕ್ಕೂ ರೈಲಿಲ್ಲ, ಹುಣಸೂರಿಗೂ ಇಲ್ಲ. ನಾನು ಅಲ್ಲಿಯವರೆಗೆ ವಿಮಾನ ನಿಲ್ದಾಣದ ಬಾಗಿಲನ್ನು ಕೂಡ ಕಂಡವಳಲ್ಲ. ಏಪ್ರಿಲ್ 12ರಂದು ನಮ್ಮ ಪಕ್ಕದ ಕೊಪ್ಪಕ್ಕೆ ಹೋದೆ. ಅಲ್ಲಿ ಟಿಬೆಟನ್ನರಿಗೆ ಟಿಕೆಟ್ ಮಾಡಿಕೊಡುವ ಒಬ್ಬರಿದ್ದಾರೆ. ಮಲಯಾಳಿ, ವಯಸ್ಸಾದವರು, ಕೊರಳಲ್ಲಿ ಸಣ್ಣ ಶಿಲುಬೆ. ನಾನು ಬೆಂಗಳೂರಿನಿಂದ ಹೋಗಿ ಬರುವ ಟಿಕೆಟ್ ಬೆಲೆ ಬರೆದುಕೊಂಡು ಹೋಗಿದ್ದ ಹಾಳೆಯನ್ನು ಅವರು ನೋಡಿ ನಕ್ಕರು.

"ಮೋಳೇ, ಇದು ಸಾಹುಕಾರರ ದಾರಿ. ನೀವು ತಿರುಚ್ಚಿಯಿಂದ ಹೋಗಿ. ಮೈಸೂರಿನಿಂದ ತಿರುಚ್ಚಿಗೆ ರೈಲಿದೆ. ಅಲ್ಲಿಂದ ಕ್ವಾಲಾಲಂಪುರಕ್ಕೆ ವಿಮಾನ. ಅಲ್ಲಿಂದ ಇಪೋಗೆ ಮತ್ತೆ ರೈಲು, ಎರಡೂವರೆ ಗಂಟೆ. ಆಯ್ತಲ್ಲ, ವಾಪಸ್ ಕ್ವಾಲಾಲಂಪುರಕ್ಕೆ ಯಾಕೆ ಬರ್ತೀರಿ? ಅದೇ ರೈಲಲ್ಲಿ ಮುಂದಕ್ಕೆ ಹೋಗಿ. ಬಟರ್‌ವರ್ತ್ ಅಂತ ಸಮುದ್ರದ ದಂಡೆ ಊರು, ರೈಲು ಅಲ್ಲಿಗೆ ಮುಗೀತದೆ. ದೋಣಿ ದಾಟಿದರೆ ಪೆನಾಂಗ್. ಪೆನಾಂಗಿನಿಂದ ಮದ್ರಾಸಿಗೆ ವಿಮಾನ. ಹೋಗೋದು ಒಂದೂರಿಗೆ, ಬರೋದು ಇನ್ನೊಂದೂರಿಂದ. ನಡೆದ ದಾರೀಲೇ ತಿರುಗಿ ಬಂದ್ರೆ ಹಣ ದಂಡ, ದಿನಾನೂ ದಂಡ."

ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ. ರೈಲು ಇಳಿದು ವಿಮಾನ ಹತ್ತುವ ನಡುವೆ ಒಂದು ಇಡೀ ದಿನ ಬಿಡಬೇಕು, ಯಾಕೆಂದರೆ ರೈಲು ತಡವಾದರೆ ವಿಮಾನದವರು ಕಾಯುವುದಿಲ್ಲ. ಕೈಯಲ್ಲಿ ಹಿಡಿಯುವಷ್ಟೇ ಗಂಟು, ಏಳು ಕಿಲೋ ಒಳಗೆ. ವಾರದ ನಡುವಿನ ದಿನ ಹೊರಡಬೇಕು. ಆ ದೇಶದ ರೈಲಿನ ಟಿಕೆಟ್ ಇಲ್ಲಿಂದಲೇ ಕೊಳ್ಳಬಹುದು. ವೀಸಾ ಈಗ ಬೇಡ. ಹೊರಡುವ ಮೂರು ದಿನ ಮೊದಲು ಒಂದು ಆನ್‌ಲೈನ್ ಅರ್ಜಿ ತುಂಬಿದರೆ ಸಾಕು.

ಕೊನೆಗೆ ನಾನು ಕರಡಿಗೆಯ ವಿಷಯ ಕೇಳಿದೆ. ಅದನ್ನು ತಟ್ಟೆಗೆ ಹಾಕಬೇಕಾ, ಬಿಚ್ಚಿ ತೋರಿಸಬೇಕಾ.

ಅವರು ತಮ್ಮ ಶಿಲುಬೆ ಹಿಡಿದು ತೋರಿಸಿದರು. "ಮೂವತ್ತು ವರ್ಷದಿಂದ ಹಾಕ್ಕೊಂಡೇ ಓಡಾಡ್ತಿದೀನಿ. ಹೆಚ್ಚೆಂದರೆ ಏನು ಅಂತ ಕೇಳ್ತಾರೆ, ದೇವರು ಅನ್ನಿ. ಬಿಚ್ಚೋದೇ ಬೇಡ."

ಆ ಮಾತನ್ನೂ ಬರೆದುಕೊಂಡೆ. ಬರೆದ ಮೇಲೆ ಪೆನ್ನು ಅಲ್ಲೇ ನಿಂತಿತು. ಅಜ್ಜಿಗೆ ಅದನ್ನು ನಾನು ಇವತ್ತಿನವರೆಗೂ ಹೇಳಿಲ್ಲ. ಅವಳಿಗೆ ಓದು ಬರುವುದಿಲ್ಲ. ಇದನ್ನು ಓದಿದ ನಮ್ಮೂರಿನವರು ದಯವಿಟ್ಟು ಹೇಳಬೇಡಿ.

ಅಂದು ಸಂಜೆಯೇ ದಿನಕ್ಕೊಂದು ಸಾಲಿನಂತೆ ಪಟ್ಟಿ ಮಾಡಿದೆ. ಹತ್ತು ದಿನ, ನಾಲ್ಕು ರೈಲು, ಎರಡು ವಿಮಾನ, ಒಂದು ದೋಣಿ. ಕ್ವಾಲಾಲಂಪುರದಲ್ಲಿ ಒಂದು ದಿನ, ಕಂಪನಿಯವರ ಹತ್ತಿರ ಇರುವ ಅಪ್ಪನ ಬಟ್ಟೆ, ಫೋನು ತೆಗೆದುಕೊಳ್ಳಲು. ಇಪೋದಲ್ಲಿ ಎರಡು ದಿನ. ಬಟರ್‌ವರ್ತ್‌ನಲ್ಲಿ ಒಂದು ರಾತ್ರಿ ತಂಗುವುದು, ಅಲ್ಲಿ ಏನೂ ಕೆಲಸವಿಲ್ಲ. ಹಾಗಂತಲೇ ಬರೆದಿದ್ದೆ: "ಏನೂ ಕೆಲಸವಿಲ್ಲ, ಟಿಕೆಟ್ ಅಗ್ಗ." ಅಪ್ಪನ ಸಾವಿಗೆ ಕಂಪನಿ ಕಳಿಸಿದ್ದ ಹಣವನ್ನು ನಾವು ಮುಟ್ಟಿರಲಿಲ್ಲ, ಅದು ಇಬ್ಬರಿಗೆ ಸಾಕಾಗುತ್ತಿತ್ತು. ಮೂವರಿಗೂ ಹೇಗೋ ಆಗುತ್ತಿತ್ತು. ಅವ್ವನನ್ನು ಕೇಳಿದೆ.

ಅವ್ವ ಹಸುವಿಗೆ ಹುಲ್ಲು ಹಾಕುತ್ತಾ, ತಿರುಗದೆ ಹೇಳಿದಳು: "ನಾ ಬರಕ್ಕಿಲ್ಲ. ನೋಡ್ನಿಲ್ಲ ಅಂದ್ರೆ, ಇನ್ನೂ ಅಲ್ಲೇ ಕೆಲಸದಾಗವ್ರೆ ಅಂತ ಅನ್ಕಂಡಿರಬೋದು."

ಪಟ್ಟಿಯಲ್ಲಿ ಒಂದೇ ಜಾಗ ಖಾಲಿ ಉಳಿದಿತ್ತು. ಇಪೋದ ಸಾಲಿನಲ್ಲಿ, ಸ್ಮಶಾನದ ವಿಳಾಸ ಮತ್ತು ಗುಂಡಿಯ ನಂಬರು. ಕಂಪನಿಗೆ ಅದನ್ನು ಕೇಳಿ ಇಮೇಲ್ ಕಳಿಸಿದ್ದು ಏಪ್ರಿಲ್ 14, 17, 21, 24. ಉತ್ತರವಿಲ್ಲ.

ಏಪ್ರಿಲ್ 27, ಭಾನುವಾರ, ರಿಹರ್ಸಲ್ ಮಾಡಿದೆವು. ಅಜ್ಜಿ ಜನ್ಮದಲ್ಲಿ ರೈಲು ಹತ್ತಿದವಳಲ್ಲ. ಅವಳು ರೈಲಿನ ಮೆಟ್ಟಿಲು ಹತ್ತುತ್ತಾಳಾ, ಅದರೊಳಗಿನ ಪಾಯಖಾನೆಗೆ ಹೋಗುತ್ತಾಳಾ, ಎಲ್ಲಕ್ಕಿಂತ ಮುಖ್ಯವಾಗಿ, ಓಡುವ ಗಾಡಿಯಲ್ಲಿ ಲಿಂಗಪೂಜೆ ಮಾಡಿಕೊಳ್ಳುತ್ತಾಳಾ ಎಂದು ನೋಡಬೇಕಿತ್ತು. ಪೂಜೆಯಾಗದೆ ಅವಳು ಹನಿ ನೀರು ಮುಟ್ಟುವುದಿಲ್ಲ. ಬೆಳಗಿನ ಜಾವದ ಬಸ್ಸಿಗೆ ಹುಣಸೂರು, ಅಲ್ಲಿಂದ ಕೃಷ್ಣರಾಜನಗರ, ಅಲ್ಲಿಂದ ಮೈಸೂರಿಗೆ ಪ್ಯಾಸೆಂಜರ್ ರೈಲು.

ಮೂರು ಮೆಟ್ಟಿಲು ಹತ್ತಲು ಮೂರು ನಿಮಿಷ. ಒಳಗೆ ಕೂತು ಗಾಡಿ ಹೊರಟ ಮೇಲೆ ಅವಳು ಮಡಿಲಲ್ಲಿ ವಸ್ತ್ರ ಹಾಸಿ, ಬಾಟಲಿಯ ನೀರಿನಿಂದ ಕೈ ತೊಳೆದು, ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡಳು. ಗಾಡಿ ಅಲ್ಲಾಡಿದಾಗಲೆಲ್ಲ ಬಲಗೈ ಮುಚ್ಚಿ ಹಿಡಿಯುತ್ತಿದ್ದಳು. ನೀರು ಚೆಲ್ಲಿ ಸೀರೆ ಒದ್ದೆಯಾಯಿತು. ಹದಿನೆಂಟು ನಿಮಿಷದಲ್ಲಿ ಪೂಜೆ ಮುಗಿಯಿತು.

ಎದುರಿಗೆ ಸೊಪ್ಪಿನ ಮಂಕರಿ ಇಟ್ಟುಕೊಂಡಿದ್ದ ಹೆಂಗಸು ಎಲ್ಲ ನೋಡಿ ಕೇಳಿದಳು: "ಎಲ್ಲಿಗಮ್ಮ ಪಯಣ?"

"ಮಲೇಸಿಯಾಕ್ಕೆ" ಅಂದಳು ಅಜ್ಜಿ.

"ಅಯ್, ಈ ಗಾಡಿ ಮೈಸೂರ್ಗಂಟ ಕಣಮ್ಮೋ! ನಿಂಗ್ಯಾರು ಹತ್ತಿಸಿದ್ದು?"

ಅಜ್ಜಿ ನಕ್ಕಳು. ಈ ಏಳೆಂಟು ತಿಂಗಳಲ್ಲಿ ಅವಳು ನಕ್ಕಿದ್ದು ನನ್ನ ಡೈರಿಯಲ್ಲಿ ಅದೊಂದೇ. ಆ ಹೆಂಗಸು ಇಳಿದ ಮೇಲೆ ಕಿಟಕಿಯ ಹೊರಗೆ ನೋಡುತ್ತಾ ಅಂದಳು: "ಮಾಡ್ಕಬೋದು ಕಣ ಮಗಾ. ಅಲ್ಲಾಡೋ ಗಾಡೀಲೂ ಮಾಡ್ಕಬೋದು. ನಾನೇ ಬಿಚ್ಚಿಸ್ದೆ ಅವನ ತಾವ. ತಡಿ, ಇನ್ನೇನು, ಕೊಟ್ಟು ಬತ್ತೀನಿ."

ಊರಿಗೆ ಬಂದ ಮೇಲೆ ಅವಳು ಒಂದು ಬಟ್ಟೆಚೀಲ ಹೊಲಿದಳು. ಅದರೊಳಗೆ ಅಪ್ಪನ ಕರಡಿಗೆ, ವಿಭೂತಿಗಟ್ಟಿ, ಒಣಗಿಸಿದ ಬಿಲ್ವಪತ್ರೆ, ತಾತನ ಗದ್ದುಗೆಯ ಮಣ್ಣು ಒಂದು ಹಿಡಿ. ಅಷ್ಟೂ ಸೇರಿ ನಾನೂರ ಮೂವತ್ತು ಗ್ರಾಂ. ನಾನು ತೂಗಿ ಪಟ್ಟಿಗೆ ಸೇರಿಸಿದೆ.

ಏಪ್ರಿಲ್ 29, ಮಂಗಳವಾರ, ಸಂಜೆ 4.25. ಕೇಂದ್ರದಲ್ಲಿ ಒಬ್ಬರ ಪಹಣಿ ಪ್ರಿಂಟ್ ಆಗುತ್ತಿದ್ದಾಗ ಕಂಪನಿಯ ಉತ್ತರ ಬಂತು. ಇಂಗ್ಲಿಷಿನಲ್ಲಿ ಐದು ಸಾಲು. ಅದರ ಸಾರ ಇಷ್ಟು. ಗುಂಡಿಯ ನಂಬರು ಇಲ್ಲ, ಯಾಕೆಂದರೆ ಗುಂಡಿಯೇ ಇಲ್ಲ. ಕುಟುಂಬದವರು ಕಳಿಸಿದ ಅರ್ಜಿಯ ಪ್ರಕಾರ ಹಿಂದೂ ಧರ್ಮದ ಕ್ರಮದಂತೆ ದಹನ ಮಾಡಲಾಗಿದೆ. ಚಿತಾಭಸ್ಮವನ್ನು ಇಪೋದಲ್ಲೇ ಒಂದು ಭವನದ ಕಪಾಟಿನಲ್ಲಿ ಇಡಲಾಗಿತ್ತು. ಅಲ್ಲಿ ಒಂದು ವರ್ಷ ಇಡುವುದು ವಾಡಿಕೆ; ಆದರೆ ಜಾಗ ಸಾಲದೆ ಫೆಬ್ರವರಿಯಲ್ಲಿ ಕೆಲವನ್ನು ಬಟರ್‌ವರ್ತ್ ಹತ್ತಿರ ಸಮುದ್ರಕ್ಕೆ ಬಿಟ್ಟಿದ್ದಾರೆ. ಇವರದು ಅದರಲ್ಲಿ ಸೇರಿತ್ತೋ ಇಲ್ಲವೋ ತಮಗೆ ಗೊತ್ತಿಲ್ಲ.

ಕೂಡಲೇ ಹಳೆಯ ಇಮೇಲ್ ತೆರೆದು ನೋಡಿದೆ. ಕಳೆದ ಆಗಸ್ಟ್ 15, ಸ್ವಾತಂತ್ರ್ಯ ದಿನ, ಕೇಂದ್ರಕ್ಕೆ ರಜೆ. ಕಂಪನಿ ಕೇಳಿದ್ದಕ್ಕೆ ಬೀಗ ತೆಗೆಸಿ ನಾನೇ ತುಂಬಿ ಕಳಿಸಿದ ಅರ್ಜಿ. ಹನ್ನೊಂದು ಕಾಲಂ. ಏಳನೆಯದು ಧರ್ಮ: ಹಿಂದೂ. ಎಂಟನೆಯದು ಅಂತ್ಯಕ್ರಿಯೆ: ಧರ್ಮದ ಕ್ರಮದಂತೆ, ಸರಿ ಗುರುತು. ಹನ್ನೊಂದನೆಯದು, ಬೇರೆ ಸೂಚನೆ ಏನಾದರೂ ಇದ್ದರೆ: ಖಾಲಿ.

ದಿನಕ್ಕೆ ಮೂವತ್ತು ಅರ್ಜಿಯಲ್ಲಿ ನಮ್ಮವರಿಗೆಲ್ಲ ನಾನು ಹಾಗೇ ತುಂಬುವುದು. ಧರ್ಮ ಹಿಂದೂ, ಜಾತಿಯ ಕಾಲಂ ಬೇರೆ ಇರುತ್ತದೆ, ಅಲ್ಲಿ ನಮ್ಮದನ್ನು ಬರೆದರಾಯಿತು. ಆ ಅರ್ಜಿಯಲ್ಲಿ ಜಾತಿಯ ಕಾಲಂ ಇರಲಿಲ್ಲ. ಅದು ಇಲ್ಲ ಎಂಬುದೂ ನನ್ನ ಕೈಗೆ ತಿಳಿಯಲಿಲ್ಲ. ಹಿಂದೂ ಅಂದರೆ ಆ ದೇಶದಲ್ಲಿ ಸುಡುವವರು ಅಂತ ತಿಳಿಯುತ್ತಾರೆ ಎಂದು ಹೊಳೆಯಲಿಲ್ಲ. ಅವ್ವ ಅಷ್ಟು ಸ್ಪಷ್ಟವಾಗಿ ಮಣ್ಣು ಮಾಡಲಿ ಎಂದಿದ್ದಳು. ನಾನು ಫೋನಿನಲ್ಲಿ ಆಯಿತು ಎಂದಿದ್ದೆ. ಕಾಗದದಲ್ಲಿ ಬರೆಯಲಿಲ್ಲ. ಡೈರಿ ನೋಡಿದೆ. "11.10ಕ್ಕೆ ಶುರು, 11.16ಕ್ಕೆ ಕಳಿಸಿದೆ. ತಪ್ಪಿಲ್ಲ." ಆರು ನಿಮಿಷ. ಸೆಪ್ಟೆಂಬರಿನಲ್ಲಿ ಕಂಪನಿ ಕಳಿಸಿದ ಅಂತ್ಯಕ್ರಿಯೆಯ ಪ್ರಮಾಣಪತ್ರದಲ್ಲೂ ದಹನ ಎಂದೇ ಇತ್ತು. ಮಲಯ ಭಾಷೆಯಲ್ಲಿತ್ತು, ನಾನು ಓದದೆ ಫೈಲಿಗೆ ಹಾಕಿದ್ದೆ.

ಹನ್ನೆರಡು ದಿನ ಯಾರಿಗೂ ಹೇಳಲಿಲ್ಲ. ಆ ಹನ್ನೆರಡು ದಿನವೂ ಅಜ್ಜಿ ಬೆಳಿಗ್ಗೆ ಜಗಲಿಯ ತುದಿಯಲ್ಲಿ ಕೂತು, ವಿಮಾನದಲ್ಲಿ ಕಾಲು ಚಾಚಲು ಜಾಗವಿರುವುದಿಲ್ಲ ಎಂದು ನಾನು ಹೇಳಿದ್ದಕ್ಕೆ, ಕಾಲು ಮಡಿಸಿ ನಾಲ್ಕು ಗಂಟೆ ಕೂರುವ ಅಭ್ಯಾಸ ಮಾಡುತ್ತಿದ್ದಳು. ಮೊದಲ ದಿನ ಐವತ್ತು ನಿಮಿಷ. ಹನ್ನೊಂದನೇ ದಿನ ಮೂರು ಗಂಟೆ ಹತ್ತು ನಿಮಿಷ. ಇಳಿಯುವಾಗ ಮಂಡಿ ಹಿಡಿದು, "ಆಯ್ತು, ಇನ್ನೊಂದು ಗಂಟೆ ಮಿಕ್ತು" ಅನ್ನುತ್ತಿದ್ದಳು.

ಮೇ 11, ಭಾನುವಾರ, ಬೆಳಿಗ್ಗೆ 9.05ಕ್ಕೆ, ಅವಳು ಜಗಲಿಯ ಮೇಲೆ ಕೂತ ಸ್ವಲ್ಪ ಹೊತ್ತಿಗೆ, ಹೋಗಿ ಪಕ್ಕದಲ್ಲಿ ಕೂತೆ. ಎಲ್ಲ ಹೇಳಿದೆ.

"ಸುಟ್ರಾ?" ಅಂದಳು.

"ಹೂಂ ಅಜ್ಜಿ."

"ನಮ್ಮೋರ್ನ ಸುಡಕ್ಕಿಲ್ಲ ಅಂತ ಅವ್ರಿಗೆ ಯಾರೂ ಹೇಳ್ನಿಲ್ವಾ?"

"ನಾನು ಹೇಳಬೇಕಿತ್ತು. ನಾನೇ ಅರ್ಜಿ ಬರ್ದಿದ್ದು. ಹಿಂದೂ ಅಂತ ಬರ್ದೆ, ಮಣ್ಣು ಮಾಡಿ ಅಂತ ಬರೀನಿಲ್ಲ."

ಅವಳು ಮಡಿಸಿದ ಕಾಲನ್ನು ಬಿಚ್ಚಲಿಲ್ಲ. ಹಾಗೇ ಕೂತು ಅಂದಳು: "ಕೈ ಇಲ್ಲ ಹಂಗಾರೆ."

ತನ್ನ ಎಡಗೈ ಬಿಚ್ಚಿ ನೋಡಿಕೊಂಡಳು.

"ಲಿಂಗ ಇಡಕ್ಕೆ ಕೈಯೇ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಅವ್ವ ಒಳಗೆ ಹೋಗಿ ಕದ ಹಾಕಿಕೊಂಡಳು. ಅಜ್ಜಿ ಆ ದಿನ, ಮಾರನೇ ದಿನ ಊಟ ಮಾಡಲಿಲ್ಲ. ಮೂರನೇ ದಿನ ಮುದ್ದೆ ತಿಂದಳು, ಅರ್ಧ. ನಮ್ಮ ಮನೆಗೆ ಬರುವ ಅಯ್ಯನವರನ್ನು ಕರೆಸಿ, ಬೂದಿಯಾದವನಿಗೆ ಲಿಂಗ ಹೇಗೆ ಕೊಡುವುದು ಎಂದು ಕೇಳಿದಳು. ಅವರು ತುಂಬ ಹೊತ್ತು ಕರಡಿಗೆ ನೋಡಿದರು. "ತಾಯಿ, ನಾನು ಕಂಡಿಲ್ಲ, ಕೇಳಿಲ್ಲ. ಗೊತ್ತಿಲ್ಲದ್ದ ಹೇಳಿದ್ರೆ ನನಗೂ ಪಾಪ" ಅಂದರು. ಸುಳ್ಳು ಹೇಳಿ ಸಮಾಧಾನ ಮಾಡಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ.

ಮೇ 20ರಂದು ನಾನು ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅಜ್ಜಿ ಒಳಗಿನಿಂದ ಕೇಳಿದಳು: "ಆ ರೈಲು ಸಮುದ್ರದ ತಕ ಹೋಯ್ತದೆ ಅಂದಿದ್ದೆ ಅಲ್ವಾ?"

"ಹೋಗ್ತದೆ."

"ಟಿಕೇಟು ತೆಗಿ."

ಅಷ್ಟೇ. ಅವಳು ಮತ್ತೆ ಕಾಲು ಮಡಿಸಿ ಕೂರುವುದನ್ನು ಶುರು ಮಾಡಿದ್ದಾಳೆ. ನಿನ್ನೆ ಮೂರು ಗಂಟೆ ಮೂವತ್ತೈದು ನಿಮಿಷ. ಆದರೆ ಮೇ 11ರಿಂದ ಇವತ್ತು, ಜೂನ್ 1ರವರೆಗೆ, ನನ್ನನ್ನು ಹೆಸರು ಹಿಡಿದು ಕರೆದಿದ್ದು ಐದು ಸಲ. ಮಗಾ ಅಂದಿದ್ದು ಒಂದು ಸಲವೂ ಇಲ್ಲ.

ಪಟ್ಟಿ ಹಾಗೇ ಇದೆ. ಒಂದೇ ಸಾಲು ಬದಲಾಗಿದೆ. "ಏನೂ ಕೆಲಸವಿಲ್ಲ" ಎಂಬುದನ್ನು ಹೊಡೆದುಹಾಕಿ ಅಲ್ಲಿ "ಸಮುದ್ರ?" ಎಂದು ಬರೆದಿದ್ದೇನೆ. ಇಪೋದ ಸಾಲಿನ ಮುಂದೆ "ಕಪಾಟು?" ಎಂದಿದೆ. ಎರಡರಲ್ಲಿ ಒಂದು ನಿಜ. ಕಪಾಟಿನಲ್ಲಿ ಇನ್ನೂ ಇದ್ದರೆ ಆಗಸ್ಟ್ ನಡುವಿಗೆ ಒಂದು ವರ್ಷ ತುಂಬುತ್ತದೆ, ಅಷ್ಟರೊಳಗೆ ಹೋಗಬೇಕು. ಆ ಭವನಕ್ಕೆ ಕಳಿಸಿದ ಇಮೇಲ್ ಆರು, ಮಾಡಿದ ಫೋನು ಒಂಬತ್ತು. ಎರಡು ಸಲ ಯಾರೋ ಎತ್ತಿದರು. ಅವರ ಮಾತು ನನಗೆ, ನನ್ನ ಮಾತು ಅವರಿಗೆ ತಿಳಿಯಲಿಲ್ಲ.

ಇದನ್ನು ಓದುವವರಲ್ಲಿ ಇಪೋ ಕಡೆ ಕೆಲಸಕ್ಕೆ ಹೋಗಿ ಬಂದವರಿದ್ದರೆ, ಅಲ್ಲಿ ನಿಮ್ಮವರು ಯಾರಾದರೂ ಇದ್ದರೆ, ಫೆಬ್ರವರಿಯಲ್ಲಿ ಯಾರ ಯಾರ ಬೂದಿಯನ್ನು ಸಮುದ್ರಕ್ಕೆ ಬಿಟ್ಟರು ಎಂಬ ಪಟ್ಟಿಯನ್ನು ಯಾರ ಹತ್ತಿರ ಕೇಳಬೇಕು, ಯಾವ ದಂಡೆಯಲ್ಲಿ ಬಿಟ್ಟರು ಎಂಬುದು ತಿಳಿದಿದ್ದರೆ ಬರೆಯಿರಿ. ನಮ್ಮವರಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ, ಆ ಲಿಂಗವನ್ನು ನೀವು ಏನು ಮಾಡಿದಿರಿ ಎಂಬುದನ್ನೂ ಬರೆಯಿರಿ. ಇದು ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ನನಗೆ ತಲುಪುತ್ತದೆ. ಜುಲೈ ಹತ್ತರೊಳಗೆ ಬಂದರೆ ಒಳ್ಳೆಯದು. ಆಮೇಲೆ ಟಿಕೆಟ್ ತೆಗೆಯಲೇಬೇಕು.